ಯೂನಿವರ್ಸಿಟಿ ನೋಡಿಕೊಂಡು ಬರಲು ವೀಸಾ: ಸರಸ್ವತಿಪುರಂನ ಈ ಆಫೀಸಿನ ಬಗ್ಗೆ ನಮ್ಮ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಈ ಆಫೀಸಿನವರು ವೀಸಾ ಕೊಡಿಸುವುದಿಲ್ಲ. ವೀಸಾ ಕೊಡುವುದು ಆಯಾ ದೇಶದ ಕಾನ್ಸುಲೇಟ್. ಇವರು ಫೈಲ್ ಜೋಡಿಸಿಕೊಡುತ್ತಾರೆ ಅಷ್ಟೇ, ಮತ್ತು ಮೊದಲ ಮಾತಿನಲ್ಲೇ ಅದನ್ನು ಹೇಳಿಬಿಡುತ್ತಾರೆ. ಮೈಸೂರಿನಲ್ಲಿ "ನೂರಕ್ಕೆ ನೂರು ವೀಸಾ ಗ್ಯಾರಂಟಿ" ಅನ್ನುವ ಬೋರ್ಡುಗಳನ್ನು ನೋಡಿ ನೋಡಿ ಬಂದವರಿಗೆ ಈ ಮಾತು ಸಪ್ಪೆ ಅನ್ನಿಸಬಹುದು. ನನಗೆ ಮಾತ್ರ ಅಲ್ಲೇ ನಂಬಿಕೆ ಹುಟ್ಟಿತು.

ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್, ನಮ್ಮನೆಯವರು ಕಬ್ಬು ಬೆಳೆಯುತ್ತಾರೆ. ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಮುಂದೆ ಎಂ.ಎಸ್. ಮಾಡಬೇಕು ಅಂತ ಅವಳ ಆಸೆ. ಜರ್ಮನಿಯ ಸ್ಟುಟ್‌ಗಾರ್ಟ್ ಮತ್ತು ನೆದರ್ಲೆಂಡ್ಸಿನ ಐಂಡ್‌ಹೋವನ್, ಈ ಎರಡರಲ್ಲಿ ಯಾವುದು ಅಂತ ಅವಳಿಗೆ ತೀರ್ಮಾನ ಆಗಿರಲಿಲ್ಲ. ಅಪ್ಲಿಕೇಶನ್ ಹಾಕುವ ಮೊದಲು ಒಂದು ಸಲ ಕಣ್ಣಾರೆ ನೋಡಿಕೊಂಡು ಬರೋಣ ಅಂತ ನಾನೇ ಹೇಳಿದೆ. ಎರಡು ವರ್ಷ ಮಗಳನ್ನು ಬಿಡುವ ಜಾಗ, ನಮ್ಮ ಮಟ್ಟಿಗೆ ದೊಡ್ಡ ದುಡ್ಡು. ಹೆಣ್ಣು ನೋಡಲು, ಗಂಡು ನೋಡಲು ಅಷ್ಟು ಸಲ ಓಡಾಡುತ್ತೇವೆ, ಇದಕ್ಕೆ ಒಂದು ಸಲ ಹೋಗಬಾರದಾ? ನಮ್ಮ ಅಕ್ಕನ ಮಗ ಸ್ಟುಟ್‌ಗಾರ್ಟಿನಲ್ಲೇ ಕೆಲಸದಲ್ಲಿದ್ದಾನೆ, ಉಳಿಯಲು ಅವನ ಮನೆ ಇತ್ತು.

ಇಲ್ಲಿಗೆ ಬರುವ ಮೊದಲು ಬೇರೆ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆವು. ಹೆಸರು ಬೇಡ. ಎ.ಸಿ. ರೂಮು, ಕಾಫಿ, ಎಲ್ಲ ಚೆನ್ನಾಗಿತ್ತು. ಆದರೆ ಅವರು ಹೇಳಿಕೊಟ್ಟ ದಾರಿ ನನಗೆ ಸರಿ ಬರಲಿಲ್ಲ. "ಯೂನಿವರ್ಸಿಟಿ ಹೆಸರೇ ಎತ್ತಬೇಡಿ ಮೇಡಂ, ಮಗಳು ಅಲ್ಲೇ ಉಳಿದುಬಿಡುತ್ತಾಳೆ ಅಂದುಕೊಂಡು ರಿಜೆಕ್ಟ್ ಮಾಡುತ್ತಾರೆ, ಸುಮ್ನೆ ಟೂರಿಸ್ಟ್ ಅಂತ ಹಾಕಿ, ಪ್ಯಾರಿಸ್, ಸ್ವಿಟ್ಜರ್ಲೆಂಡ್ ಸೇರಿಸಿ ಹೋಟೆಲ್ ಬುಕಿಂಗ್ ನಾವೇ ತೋರಿಸುತ್ತೇವೆ, ವೀಸಾ ಬಂದ ಮೇಲೆ ಕ್ಯಾನ್ಸಲ್ ಮಾಡಿದರಾಯಿತು" ಅಂದರು. ಅಕೌಂಟಿನಲ್ಲಿ ದುಡ್ಡು ಕಡಿಮೆ ಅಂತ, ಯಾರಿಂದಲಾದರೂ ತಂದು ಕೆಲವು ದಿನ ಇಡಿ, ಆಮೇಲೆ ವಾಪಸ್ ಕೊಟ್ಟುಬಿಡಿ ಅಂತಲೂ ಅಂದರು. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಅಂತ ಹೇಳುವ ಕೆಲಸ ನನ್ನದು. ಮಗಳ ಮುಂದೆ ಕೂತು ಇದಕ್ಕೆ ಹೂಂ ಅನ್ನಲು ನನ್ನಿಂದ ಆಗಲಿಲ್ಲ. ಎದ್ದು ಬಂದೆವು.

ಸರಸ್ವತಿಪುರಂನ ಈ ಆಫೀಸನ್ನು ಹೇಳಿದ್ದು ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರ್. ಮಹಡಿ ಮೇಲೆ ಒಂದೇ ರೂಮು. ಅಲ್ಲಿನ ಮೇಡಂ ಮೊದಲು ಕೇಳಿದ್ದು ದುಡ್ಡಿನ ವಿಷಯ ಅಲ್ಲ. ಮಗಳ ಕಡೆ ತಿರುಗಿ, "ನೀನು ಯಾಕೆ ಹೋಗ್ತಿದ್ದೀಯಮ್ಮ, ಒಂದೇ ಮಾತಿನಲ್ಲಿ ಹೇಳು" ಅಂದರು. ಅವಳು, "ಓದೋಕೆ ಯಾವ ಯೂನಿವರ್ಸಿಟಿ ಅಂತ ತೀರ್ಮಾನ ಮಾಡೋಕೆ, ನೋಡಿಕೊಂಡು ವಾಪಸ್ ಬಂದು ಕೊನೆಯ ಸೆಮಿಸ್ಟರ್ ಮುಗಿಸಬೇಕು" ಅಂದಳು. "ಅದನ್ನೇ ಬರಿ. ಇದಕ್ಕಿಂತ ಒಳ್ಳೆ ಕಾರಣ ನಾನು ಹುಟ್ಟಿಸಿಕೊಡೋಕೆ ಆಗಲ್ಲ" ಅಂದುಬಿಟ್ಟರು.

ಇವರ ಕೆಲಸದ ರೀತಿ ಪೂರ್ತಿ ಇದೇ. ಹೋಗುವ ಕಾರಣ, ದುಡ್ಡಿನ ಮೂಲ, ಉಳಿಯುವ ಜಾಗ, ವಾಪಸ್ ಬರುವ ಕಾರಣ, ಈ ನಾಲ್ಕೂ ಒಂದಕ್ಕೊಂದು ಹೊಂದಬೇಕು. ಫಾರ್ಮಿನಲ್ಲಿ ಪ್ರಯಾಣದ ಉದ್ದೇಶ ಅಂತ ಒಂದು ಕಾಲಂ ಇದೆ. ಪ್ರವಾಸ, ವ್ಯಾಪಾರ, ಬಂಧುಗಳ ಭೇಟಿ, ಓದು, ಇತರೆ ಅಂತ ಬೇರೆ ಬೇರೆ ಬಾಕ್ಸ್. ಓದು ಅನ್ನುವುದಕ್ಕೆ ಟಿಕ್ ಹಾಕಬಾರದು ಅಂದರು, ಯಾಕೆಂದರೆ ಅಲ್ಲಿ ಹೋಗಿ ಕ್ಲಾಸಿಗೆ ಕೂರುವುದಿಲ್ಲವಲ್ಲ. ಬಂಧುಗಳ ಭೇಟಿ ಮತ್ತು ಇತರೆ ಎರಡಕ್ಕೂ ಟಿಕ್ ಹಾಕಿ, ಇತರೆ ಅನ್ನುವ ಕಡೆ ಯೂನಿವರ್ಸಿಟಿ ಭೇಟಿ ಅಂತ ಬಿಡಿಸಿ ಬರೆಸಿದರು. ಮಗಳಿಂದಲೇ ಎರಡೂ ಯೂನಿವರ್ಸಿಟಿಗಳ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಕಳಿಸಿದರು. ಇಂಥ ವಾರ ಬರುತ್ತೇವೆ, ಕೋರ್ಸಿನ ಬಗ್ಗೆ ಮಾತಾಡಬಹುದಾ, ಲ್ಯಾಬ್ ನೋಡಬಹುದಾ ಅಂತ. ಎರಡೂ ಕಡೆಯಿಂದ ಸಮಯ ಕೊಟ್ಟು ಉತ್ತರ ಬಂತು. ಆ ಮೇಲ್‌ಗಳ ಪ್ರಿಂಟ್ ನಮ್ಮ ಫೈಲಿನ ಮುಖ್ಯ ಕಾಗದ ಆಯಿತು. ಕವರಿಂಗ್ ಲೆಟರ್ ಮಾತ್ರ ಇವರು ಬರೆದುಕೊಡುವುದಿಲ್ಲ. ಮಗಳೇ ಬರೆದಳು, ಇವರು ತಿದ್ದಿದರು. ಒಂದು ಪುಟಕ್ಕಿಂತ ಜಾಸ್ತಿ ಇರಬಾರದು ಅಂತ ಮೂರನೇ ಪ್ಯಾರಾ ಪೂರ್ತಿ ಹೊಡೆದುಹಾಕಿದರು.

ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದಕ್ಕೂ ನಿಯಮ ಇದೆ. ನಮಗೆ ಬೇಕಾಗಿದ್ದದ್ದು ಷೆಂಗೆನ್ ವೀಸಾ, ಅದೊಂದಿದ್ದರೆ ಯೂರೋಪಿನ ಒಟ್ಟು 29 ದೇಶಗಳಲ್ಲಿ ಓಡಾಡಬಹುದು, ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಆದರೆ ಅರ್ಜಿ ಹಾಕಬೇಕಾದ್ದು ಜಾಸ್ತಿ ದಿನ ಉಳಿಯುವ ದೇಶಕ್ಕೆ. ಎರಡೂ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಯಾವ ದೇಶದ್ದು ಸುಲಭವಾಗಿ ಸಿಗುತ್ತದೆ ಅಂತ ಹುಡುಕಿ ಅಲ್ಲಿಗೆ ಹಾಕುವುದು ಸರಿಯಲ್ಲ. ನಾವು ಸ್ಟುಟ್‌ಗಾರ್ಟಿನಲ್ಲಿ ಜಾಸ್ತಿ ದಿನ ಇರುತ್ತಿದ್ದೆವು, ಹಾಗಾಗಿ ಜರ್ಮನಿ.

ಈಗ ಕಬ್ಬಿನ ದುಡ್ಡಿಗೆ ಬರುತ್ತೇನೆ. ನಮ್ಮ ಕಡೆಯವರು ಇದನ್ನು ಓದಲೇಬೇಕು ಅಂತಲೇ ಈ ರಿವ್ಯೂ ಬರೆಯಲು ಕೂತಿದ್ದು.

ಬ್ಯಾಂಕ್ ಸ್ಟೇಟ್‌ಮೆಂಟ್ ಕೊನೆಯ ಮೂರು ತಿಂಗಳದ್ದು ಕೊಡಬೇಕು. ಸಂಬಳದವರಿಗೆ ಚಿಂತೆ ಇಲ್ಲ, ತಿಂಗಳು ತಿಂಗಳು ಒಂದೇ ತಾರೀಖಿಗೆ ಒಂದೇ ಮೊತ್ತ ಬರುತ್ತದೆ. ರೈತನ ಅಕೌಂಟು ಹಾಗಿರುವುದಿಲ್ಲ ಅಲ್ವಾ? ತಿಂಗಳಾನುಗಟ್ಟಲೆ ಏನೂ ಇರುವುದಿಲ್ಲ, ಗೊಬ್ಬರಕ್ಕೆ, ಕೂಲಿಗೆ ಹೋಗುತ್ತಲೇ ಇರುತ್ತದೆ, ಕಟಾವಾಗಿ ಫ್ಯಾಕ್ಟರಿ ಬಿಲ್ ಆದಾಗ ಒಂದೇ ಸಲ ಲಕ್ಷಗಟ್ಟಲೆ ಬಂದು ಬೀಳುತ್ತದೆ. ಅದನ್ನು ಒಬ್ಬ ಜರ್ಮನ್ ಅಧಿಕಾರಿ ನೋಡಿದರೆ, ವೀಸಾಕ್ಕೋಸ್ಕರ ಯಾರಿಂದಲೋ ತಂದು ಹಾಕಿದ ದುಡ್ಡು ಅಂತಲೇ ಅಂದುಕೊಳ್ಳುವುದು. ಮೊದಲಿನ ಕನ್ಸಲ್ಟೆನ್ಸಿಯವರು ಹೇಳಿದ ಹಾಗೆ ನಿಜವಾಗಿಯೂ ದುಡ್ಡು ತಂದು ಇಟ್ಟಿದ್ದರೆ ನಮ್ಮ ಸ್ವಂತ ಬೆವರಿನ ದುಡ್ಡಿಗೂ ಆ ಸಾಲದ ದುಡ್ಡಿಗೂ ಕಾಗದದ ಮೇಲೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಈ ಮೇಡಂ ಮೂರು ತಿಂಗಳ ಬದಲು ಪೂರ್ತಿ ವರ್ಷದ ಸ್ಟೇಟ್‌ಮೆಂಟ್ ತರಿಸಿದರು. ಹಿಂದಿನ ಸೀಸನ್ನಿನಲ್ಲೂ ಹೀಗೇ ಒಂದೇ ಸಲ ದುಡ್ಡು ಬಂದದ್ದು ಅದರಲ್ಲಿ ಕಾಣುತ್ತದೆ. ಫ್ಯಾಕ್ಟರಿ ಕೊಟ್ಟ ತೂಕದ ಚೀಟಿ, ಬಿಲ್ಲು, ಅಕೌಂಟಿಗೆ ಜಮಾ ಆದ ತಾರೀಖು, ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಒಂದು ಪುಟ ಮಾಡಿಸಿದರು. ಪಹಣಿ ತೆಗೆಸಿ, ಅದರಲ್ಲಿ ನಮ್ಮನೆಯವರ ಹೆಸರು, ಸರ್ವೆ ನಂಬರು, ಬೆಳೆ ಕಾಲಂನಲ್ಲಿ ಕಬ್ಬು ಅಂತ ಇರುವುದನ್ನು ನೋಡಿಕೊಂಡರು. ಪಹಣಿ ಕನ್ನಡದಲ್ಲಿ ಇರುತ್ತದೆ, ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಮಾಡಿಸಬೇಕಾಯಿತು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಇದೆ, ಹಾಗಾಗಿ ನಮ್ಮನೆಯವರು ತೆರಿಗೆ ಕಟ್ಟಿದ ಕಾಗದ ಇಲ್ಲ ಅನ್ನುವುದನ್ನು ಒಂದು ಸಾಲಿನಲ್ಲಿ ಪತ್ರದಲ್ಲೇ ಬರೆಸಿದರು. ಕಾಗದ ಇಲ್ಲದಿದ್ದರೆ ಯಾಕಿಲ್ಲ ಅಂತ ನಾವೇ ಹೇಳಬೇಕು, ಅವರು ಊಹಿಸಿಕೊಳ್ಳಲು ಬಿಡಬಾರದು ಅನ್ನುವುದು ಅವರ ಮಾತು.

ಸೊಸೈಟಿಯ ಬೆಳೆ ಸಾಲ ಇದೆಯಲ್ಲ, ಅದನ್ನು ಮುಚ್ಚಿಡಬೇಕಾ ಅಂತ ನಮ್ಮನೆಯವರು ಮೆಲ್ಲಗೆ ಕೇಳಿದರು. "ಅಣ್ಣ, ಸಾಲ ಇರೋದು ತಪ್ಪಲ್ಲ, ಸ್ಟೇಟ್‌ಮೆಂಟಲ್ಲಿ ಹೇಗೂ ಕಾಣುತ್ತೆ, ಇರಲಿ ಬಿಡಿ" ಅಂದರು. ಹಳ್ಳಿಯಿಂದ ಬಂದವರು ಅಂತ ನಮ್ಮನೆಯವರನ್ನು ಒಂದು ಮಾತಿನಲ್ಲೂ ಕಡಿಮೆ ಮಾಡಲಿಲ್ಲ. ಇದು ನನಗೆ ತುಂಬ ಮುಖ್ಯ. ಮೊದಲಿನ ಕನ್ಸಲ್ಟೆನ್ಸಿಯಲ್ಲಿ ನಮ್ಮನೆಯವರಿಗೆ ಕುರ್ಚಿ ಕೊಟ್ಟು ಮಾತೆಲ್ಲ ಮಗಳ ಹತ್ತಿರ ಇಂಗ್ಲಿಷಿನಲ್ಲೇ ಆಡಿದ್ದರು.

ನನ್ನ ಕಡೆಯಿಂದ ಸಂಬಳದ ಸ್ಲಿಪ್, ಫಾರ್ಮ್ 16, ರಜೆ ಮಂಜೂರಾತಿ, ಇಷ್ಟು. ಸರ್ಕಾರಿ ನೌಕರರು ನೆನಪಿಡಿ, ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಬೇಕು, ವೀಸಾ ಬಂದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ. ಹೆಡ್ ಮಾಸ್ಟರ ಸಹಿಯಿಂದ ಶುರುವಾಗಿ ಮೇಲಕ್ಕೆ ಹೋಗಿ ವಾಪಸ್ ಬರಬೇಕು. ನಾನು ಬೇಸಿಗೆ ರಜೆ ಇನ್ನೂ ದೂರ ಇರುವಾಗಲೇ ಅರ್ಜಿ ಕೊಟ್ಟಿದ್ದರಿಂದ ಸಮಯಕ್ಕೆ ಬಂತು. ಈ ಅನುಮತಿ ಪತ್ರವೇ ನಾನು ವಾಪಸ್ ಬರುತ್ತೇನೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಅಂತ ಮೇಡಂ ಅದನ್ನು ಫೈಲಿನ ಮೇಲಿನ ಭಾಗಕ್ಕೇ ತಂದರು. ಮಗಳಿಗೆ ಕಾಲೇಜಿನ ಬೋನಫೈಡ್ ಮತ್ತು ಪರೀಕ್ಷೆಯ ವೇಳಾಪಟ್ಟಿ.

ಉಳಿದದ್ದು ಮಾಮೂಲು. ಪಾಸ್‌ಪೋರ್ಟಿನಲ್ಲಿ ಎರಡು ಖಾಲಿ ಪುಟ ಇರಬೇಕು, ವಾಪಸ್ ಬಂದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಫೋಟೋ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು. ಟಿಕೆಟ್ ಬರೀ ರಿಸರ್ವೇಶನ್ ಸಾಕು, ವೀಸಾ ಬರುವ ಮೊದಲು ಪೂರ್ತಿ ದುಡ್ಡು ಕಟ್ಟಿ ಟಿಕೆಟ್ ತೆಗೆಯಬೇಡಿ ಅಂದರು. ವೀಸಾ ಫೀಸು ದೊಡ್ಡವರಿಗೆ 90 ಯೂರೋ, 2024ರ ಜೂನ್‌ನಿಂದ ಇಷ್ಟು, ಮೊದಲು 80 ಇತ್ತು. ರಿಜೆಕ್ಟ್ ಆದರೆ ವಾಪಸ್ ಬರುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗಬೇಕು, ಆದರೆ 45 ದಿನದವರೆಗೂ ಹೋಗಬಹುದು ಅಂತ ನಿಯಮದಲ್ಲೇ ಇದೆ, ಅದಕ್ಕೇ ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಮೊದಲ ಸಲವೇ ಫೈಲ್ ಸರಿ ಇರಬೇಕು ಅಂತ ಇವರು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಜರ್ಮನಿಯವರು ಮೊದಲು, ರಿಜೆಕ್ಟ್ ಆದವರು ಪತ್ರ ಬರೆದು ಮತ್ತೆ ಪರಿಶೀಲಿಸಿ ಅಂತ ಕೇಳಲು ಬಿಡುತ್ತಿದ್ದರು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸದಾಗಿ ಫೀಸು ಕಟ್ಟಿ ಅರ್ಜಿ ಹಾಕಬೇಕು, ಇಲ್ಲ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು. ಮಂಡ್ಯದಲ್ಲಿ ಕೂತು ಬರ್ಲಿನ್ನಿನಲ್ಲಿ ಕೇಸು ಹಾಕಲು ಆಗುತ್ತದಾ?

ಇನ್ನೊಂದು ವಿಷಯವನ್ನು ಇವರು ಬಿಡಿಸಿ ಹೇಳಿದ್ದಕ್ಕೆ ನಾನು ಋಣಿ. ಈ ವೀಸಾದಲ್ಲಿ ಹೋಗಿ, ಯೂನಿವರ್ಸಿಟಿ ಇಷ್ಟವಾಯಿತು ಅಂತ ಅಲ್ಲೇ ಸ್ಟೂಡೆಂಟ್ ವೀಸಾ ಮಾಡಿಸಿಕೊಳ್ಳಲು ಆಗುವುದಿಲ್ಲ. ವಾಪಸ್ ಬಂದು ಇಲ್ಲಿಂದಲೇ ಬೇರೆ ಅರ್ಜಿ ಹಾಕಬೇಕು. ಅದಕ್ಕೆ ಎ.ಪಿ.ಎಸ್. ಸರ್ಟಿಫಿಕೇಟ್ ಬೇಕು, ನಮ್ಮ ಮಕ್ಕಳ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಪರೀಕ್ಷಿಸಿ ಕೊಡುವ ಕಾಗದ ಅದು, 2022ರ ನವೆಂಬರಿನಿಂದ ಭಾರತದವರಿಗೆ ಕಡ್ಡಾಯ. ಖರ್ಚಿಗೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಂದೇ ಸಲ ದುಡ್ಡು ತೆಗೆಯಲು ಬಿಡದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು, 2024ರ ಸೆಪ್ಟೆಂಬರಿನಿಂದ ಈ ಮೊತ್ತ. ತಿಂಗಳಿಗೆ 992ರ ಹಾಗೆ ಮಗಳ ಕೈಗೆ ಬರುತ್ತದೆ. ಇದರ ಮಧ್ಯೆ ಇನ್ನೊಂದು ವೀಸಾ ಕೂಡ ಇದೆ. ಅಡ್ಮಿಶನ್ ಇನ್ನೂ ಆಗಿಲ್ಲ, ಅಲ್ಲೇ ಇದ್ದು ಸೀಟು ಹುಡುಕಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು ಅನ್ನುವವರಿಗೆ ಒಂಬತ್ತು ತಿಂಗಳವರೆಗೆ ಕೊಡುತ್ತಾರೆ. ಅದು ಬೇಕಾ ಅಂತ ಮಗಳು ಕೇಳಿದಳು. "ನಿನಗೆ ಬೇಡ, ನೀನು ಇನ್ನೂ ಡಿಗ್ರಿನೇ ಮುಗಿಸಿಲ್ಲ" ಅಂದರು. ಅದನ್ನು ಮಾಡಿಸಿದ್ದರೆ ಇವರಿಗೆ ಸರ್ವೀಸ್ ಚಾರ್ಜ್ ಜಾಸ್ತಿ ಸಿಗುತ್ತಿತ್ತು.

ನಾವು ಕಾಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಕುಟುಂಬ ಅಮೆರಿಕದ ಯೂನಿವರ್ಸಿಟಿ ನೋಡಲು ಹೊರಟವರು. ಅವರ ಲೆಕ್ಕವೇ ಬೇರೆ. ಅಲ್ಲಿಗೆ ಫೀಸು 185 ಡಾಲರ್, ಡಿ.ಎಸ್. 160 ಫಾರ್ಮು, ಇಂಟರ್‌ವ್ಯೂ. ಬೆಂಗಳೂರಿನಲ್ಲಿ ಅಮೆರಿಕನ್ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು, ಆದರೆ ಅದು ವೀಸಾ ಕೆಲಸದಿಂದ ಶುರುವಾಗಲಿಲ್ಲ. ಅವರಿಗೆ ಚೆನ್ನೈಗೆ ಹೋಗಬೇಕಿತ್ತು. ವಾಪಸ್ ಬರುವುದಿಲ್ಲ ಅನ್ನುವ ಅನುಮಾನ ಬಂದರೆ ಅವರ ವಲಸೆ ಕಾನೂನಿನ 214(ಬಿ) ಸೆಕ್ಷನ್ ಅಂತ ಹೇಳಿ ವೀಸಾ ಕೊಡದೆ ಕಳಿಸಿಬಿಡುತ್ತಾರಂತೆ. ಅವರಿಗೂ ಮೇಡಂ ಹೇಳಿದ್ದು ಇದನ್ನೇ. ಓದಲು ಜಾಗ ನೋಡಲು ಹೋಗುತ್ತಿದ್ದೇವೆ ಅಂತ ಇಂಟರ್‌ವ್ಯೂ ಕಿಟಕಿಯ ಮುಂದೆ ನೇರವಾಗಿ ಹೇಳಿ, ವಿಸಿಟ್ ವೀಸಾದಲ್ಲಿ ಹೋಗಿ ಕೋರ್ಸಿಗೆ ಸೇರಿಕೊಳ್ಳಲು ಆಗುವುದಿಲ್ಲ ಅನ್ನುವುದು ಗೊತ್ತಿದೆ ಅಂತಲೂ ಹೇಳಿ.

ಅರ್ಜಿ ಕೊಡುವ ಅಪಾಯಿಂಟ್‌ಮೆಂಟ್ ದಿನ ಬೆಂಗಳೂರಿಗೆ ನಾವೇ ಹೋದೆವು. ಮಂಡ್ಯದಿಂದ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್. ಇವರು ಜೊತೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬೆರಳಚ್ಚು ಕೊಟ್ಟು, ಕಾಗದ ಕೊಟ್ಟು, ಪಾಸ್‌ಪೋರ್ಟ್ ಬಿಟ್ಟು ಬಂದೆವು. ಬೆರಳಚ್ಚು 59 ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಮತ್ತೆ ಷೆಂಗೆನ್ ವೀಸಾಕ್ಕೆ ಹಾಕಿದರೆ ಸಾಮಾನ್ಯವಾಗಿ ಮತ್ತೆ ಕೊಡಬೇಕಾಗಿಲ್ಲ. ಕೌಂಟರಿನ ಹುಡುಗಿ ಪಹಣಿಯ ಅನುವಾದ ನೋಡಿ ಪುಟ ತಿರುಗಿಸಿ ಇಟ್ಟುಕೊಂಡಳು, ಏನೂ ಕೇಳಲಿಲ್ಲ.

ವೀಸಾ ಬಂತು, ನನಗೂ ಮಗಳಿಗೂ. ಸ್ಟಿಕರ್ ಬಂದ ತಕ್ಷಣ ಮೇಡಂಗೆ ಫೋಟೋ ಕಳಿಸಿದೆ, ಅವರು ಫೋನ್ ಮಾಡಿ ಅದನ್ನು ಓದುವುದು ಹೇಗೆ ಅಂತ ಹೇಳಿದರು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಒಂದಿರುತ್ತದೆ, ಎಷ್ಟು ದಿನ ಅಂತ ಬೇರೆ ಇರುತ್ತದೆ. ತಾರೀಖುಗಳ ಮಧ್ಯೆ ಜಾಸ್ತಿ ದಿನ ಕಂಡರೂ ಉಳಿಯಬಹುದಾದ್ದು ದಿನಗಳ ಕಾಲಂನಲ್ಲಿ ಬರೆದಷ್ಟೇ. ಇದನ್ನು ಹೇಳದೆ ಇದ್ದಿದ್ದರೆ ಅಕ್ಕನ ಮಗ ಇನ್ನೊಂದು ವಾರ ಇರಿ ಅಂದಾಗ ನಾವು ಹೂಂ ಅಂದುಬಿಡುತ್ತಿದ್ದೆವೋ ಏನೋ.

ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಇಮಿಗ್ರೇಶನ್ ಅಧಿಕಾರಿ ಯಾಕೆ ಬಂದಿರಿ ಅಂದ. ಮಗಳು ಯೂನಿವರ್ಸಿಟಿಯ ಮೇಲ್ ತೋರಿಸಿದಳು, ಅದೇ ಪ್ರಿಂಟ್. ಅವನು ಓದಿ, ಯಾವ ಸಬ್ಜೆಕ್ಟ್ ಅಂತ ಕೇಳಿ ಬಿಟ್ಟ. ನಾವು ಪ್ಯಾರಿಸ್ ಹೋಟೆಲಿನ ಕಾಗದ ಹಿಡಿದುಕೊಂಡು ಅಲ್ಲಿ ನಿಂತಿದ್ದರೆ ಮಗಳ ಮುಖ ಹೇಗಿರುತ್ತಿತ್ತು ಅಂತ ನನಗೆ ಗೊತ್ತು.

ನೋಡಲು ಹೋದದ್ದು ಸಾರ್ಥಕ ಆಯಿತು. ಸ್ಟುಟ್‌ಗಾರ್ಟಿನಲ್ಲಿ ಯೂನಿವರ್ಸಿಟಿ ಎರಡು ಕಡೆ ಇದೆ, ಒಂದು ಊರಿನ ನಡುವೆ, ಇನ್ನೊಂದು ಫೈಹಿಂಗನ್ ಅನ್ನುವ ಕಡೆ. ಮಗಳ ಲ್ಯಾಬುಗಳೆಲ್ಲ ಫೈಹಿಂಗನ್‌ನಲ್ಲೇ, ಲೋಕಲ್ ಟ್ರೈನು ಕ್ಯಾಂಪಸ್ಸಿನಲ್ಲೇ ನಿಲ್ಲುತ್ತದೆ. ರೂಮು ಎಲ್ಲಿ ಹುಡುಕಬೇಕು ಅನ್ನುವುದು ಹೋಗಿ ನಿಂತ ಮೇಲೇ ತಿಳಿದಿದ್ದು. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪಿಯನ್ ಯೂನಿಯನ್ನಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, 2017ರಿಂದಲೂ. ಐಂಡ್‌ಹೋವನ್ ಕ್ಯಾಂಪಸ್ ರೈಲ್ವೆ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ಹತ್ತಿರ, ಮಗಳಿಗೆ ಅದು ಬಹಳ ಹಿಡಿಸಿತು, ಆದರೆ ಅಲ್ಲಿನ ಫೀಸು ನಮ್ಮ ಕೈಗೆ ಎಟುಕುವುದಿಲ್ಲ. ಅವಳೇ ಅದನ್ನು ಬಿಟ್ಟಳು. ನಾವು ಬೇಡ ಅಂದಿದ್ದರೆ ಮನಸ್ಸಿನಲ್ಲಿ ಉಳಿದುಬಿಡುತ್ತಿತ್ತು.

ಈಗ ಈ ಆಫೀಸಿನ ಕೊರತೆಗಳು. ಒಂದು, ಬೇಕಾದ ಕಾಗದಗಳ ಪಟ್ಟಿ ಬರೆದು ಕೊಡುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ನೋಟ್‌ಬುಕ್ ತೆಗೆದುಕೊಂಡು ಹೋಗಿ. ಊರಿಂದ ಬರುವವರಿಗೆ ಒಂದು ಕಾಗದ ಮರೆತರೆ ಮತ್ತೆ ಬಸ್ಸು ಹತ್ತಬೇಕು, ಇದನ್ನು ಅವರು ಯೋಚನೆ ಮಾಡಬೇಕು. ಮಧ್ಯಾಹ್ನದ ಮೇಲೆ ಫೋನ್ ಎತ್ತುವುದೇ ಇಲ್ಲ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಮಂಡಿ ನೋವಿನವರಿಗೆ ಕಷ್ಟ. ಅನುವಾದ ಮತ್ತು ನೋಟರಿ ಖರ್ಚು ಸರ್ವೀಸ್ ಚಾರ್ಜಿನಲ್ಲಿ ಸೇರಿಲ್ಲ ಅನ್ನುವುದನ್ನು ಮೊದಲೇ ಹೇಳಬೇಕಿತ್ತು, ಕೊನೆಗೆ ಹೇಳಿದರು. ಪುಟಕ್ಕೆ ಇಷ್ಟು ಅಂತ ಲೆಕ್ಕ, ಪಹಣಿಗಳು ಜಾಸ್ತಿ ಇದ್ದರೆ ಒಳ್ಳೆ ಮೊತ್ತವೇ ಆಗುತ್ತದೆ. ಸರ್ವೀಸ್ ಚಾರ್ಜ್ ನಮ್ಮಿಂದ ತಲೆಗೆ 3,500 ರೂಪಾಯಿ ತೆಗೆದುಕೊಂಡರು, ರಸೀದಿ ಕೊಟ್ಟರು. ಎ.ಸಿ. ರೂಮಿನವರು ಹೇಳಿದ್ದಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ.

ಸಂಬಳದ ಕೆಲಸದಲ್ಲಿದ್ದು, ಇಂಗ್ಲಿಷ್ ಚೆನ್ನಾಗಿ ಬಂದು, ಕಂಪ್ಯೂಟರ್ ಅಭ್ಯಾಸ ಇದ್ದವರಿಗೆ ಯಾರ ಸಹಾಯವೂ ಬೇಡ, ಫಾರ್ಮನ್ನು ಮನೆಯಲ್ಲೇ ಕೂತು ತುಂಬಬಹುದು. ಹೀಗಂತ ಮೇಡಮ್ಮೇ ಒಬ್ಬ ಸಾಫ್ಟ್‌ವೇರ್ ಹುಡುಗನಿಗೆ ನಮ್ಮ ಮುಂದೆಯೇ ಹೇಳಿ ವಾಪಸ್ ಕಳಿಸಿದರು. ಆದರೆ ಜಮೀನಿನ ಆದಾಯದವರು, ಅಂಗಡಿ ಇಟ್ಟವರು, ಡೈರಿಗೆ ಹಾಲು ಹಾಕುವವರು, ಮನೆಯಲ್ಲಿ ಕಾಗದವೆಲ್ಲ ಕನ್ನಡದಲ್ಲೇ ಇರುವವರು, ಮಕ್ಕಳನ್ನು ಕಳಿಸುವ ಮೊದಲು ಆ ಜಾಗ ನೋಡಬೇಕು ಅಂತ ಆಸೆ ಇದ್ದರೆ ಇಲ್ಲಿಗೆ ಧೈರ್ಯವಾಗಿ ಹೋಗಿ. ಇರುವ ದುಡ್ಡು ಇರುವ ಹಾಗೇ ತೋರಿಸಲು ದಾರಿ ಇದೆ.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಆ ಪಟ್ಟಿಗೆ ಮತ್ತು ಫೋನಿಗೆ. ಮಗಳ ಎ.ಪಿ.ಎಸ್. ಅರ್ಜಿಗೆ ಮಾರ್ಕ್ಸ್ ಕಾರ್ಡುಗಳನ್ನು ಜೋಡಿಸುತ್ತಿದ್ದೇವೆ, ಸ್ಟೂಡೆಂಟ್ ವೀಸಾ ಫೈಲಿಗೂ ಇವರ ಹತ್ತಿರವೇ ಹೋಗುತ್ತೇವೆ. ಹೋಗುವವರು ಬೆಳಿಗ್ಗೆ ಹತ್ತೂವರೆಯೊಳಗೆ ಹೋಗಿ, ಒರಿಜಿನಲ್ ಕಾಗದ ಎಲ್ಲ ಜೊತೆಗಿರಲಿ, ಜೆರಾಕ್ಸ್ ಮಾತ್ರ ಇದ್ದರೆ ಅವರು ಫೈಲ್ ತೆಗೆಯುವುದೇ ಇಲ್ಲ.